ಹಣ ಮೂರು ಕೆಲಸಕ್ಕೆ, ಬೇಡಿಕೆ ಮೂವತ್ತಕ್ಕೆ: ಸ್ಥಳೀಯ ಸಂಸ್ಥೆಯ ಕಾಮಗಾರಿಗಳಿಗೆ ಆದ್ಯತೆ ಹಾಕುವುದು ಹೇಗೆ?

ಕಾಮಗಾರಿಗಳಿಗೆ ಆದ್ಯತೆ ಹಾಕಲು ಕೂತವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಕೆಲಸಗಳ ಪಟ್ಟಿ ಮೊದಲು ಮೇಜಿಗೆ ಬರುತ್ತದೆ. ಯಾವ ಆಧಾರದ ಮೇಲೆ ಆರಿಸಬೇಕು ಅನ್ನೋ ಮಾತು ಆಮೇಲೆ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಪ್ರತಿಯೊಬ್ಬರ ಕಣ್ಣೂ ತಮ್ಮ ಬೀದಿಯ ಕೆಲಸದ ಮೇಲೆ ನೆಟ್ಟಿರುತ್ತದೆ, ಹಾಗಾಗಿ ಆ ಕೆಲಸ ಗೆಲ್ಲುವಂಥ ಆಧಾರವನ್ನೇ ಎಲ್ಲರೂ ಹುಡುಕುತ್ತಾರೆ. ಕೊನೆಗೆ ಸುಸ್ತಾಗಿ ಹಣವನ್ನು ವಾರ್ಡ್‌ಗಳಿಗೆ ಸಮವಾಗಿ ಹಂಚಿ ಎದ್ದು ಹೋಗುತ್ತಾರೆ. ಅದು ಆದ್ಯತೆ ಅಲ್ಲ, ಪಾಲು ಮಾಡಿಕೊಂಡದ್ದು ಅಷ್ಟೇ.

ಈ ಕೆಲಸದಲ್ಲಿ ಲೆಕ್ಕ ಕಷ್ಟವಿಲ್ಲ. ಕೂಡಿಸುವುದು, ಗುಣಿಸುವುದು ಬಂದರೆ ಸಾಕು. ಕಷ್ಟ ಇರುವುದು ಕ್ರಮದಲ್ಲಿ. ಯಾವುದನ್ನು ಯಾವುದಕ್ಕಿಂತ ಮೊದಲು ಮಾಡಬೇಕು ಅನ್ನೋದನ್ನು ಒಮ್ಮೆ ತಪ್ಪಿದರೆ ಮುಂದೆ ಎಂಥ ಒಳ್ಳೆಯ ಎಕ್ಸೆಲ್ ಹಾಳೆ ಮಾಡಿದರೂ ಪ್ರಯೋಜನವಿಲ್ಲ. ನೀವು ಸದಸ್ಯರಾಗಿರಬಹುದು, ಇಂಜಿನಿಯರ್ ಆಗಿರಬಹುದು, ಅಥವಾ ಸಭೆಯಲ್ಲಿ ಹಿಂದೆ ಕೂತು ಕೇಳುವ ನಾಗರಿಕರಾಗಿರಬಹುದು. ಹಂತಗಳು ಎಲ್ಲರಿಗೂ ಇವೇ.

## ಕೂರುವ ಮೊದಲು ಕೈಯಲ್ಲಿ ಏನಿರಬೇಕು

ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ಸ್ಪ್ರೆಡ್‌ಶೀಟ್, ಒಂದು ನಕ್ಷೆ, ಕಳೆದ ಮೂರು ವರ್ಷದ ಖರ್ಚಿನ ಲೆಕ್ಕ, ಅರ್ಧಕ್ಕೆ ನಿಂತಿರುವ ಕಾಮಗಾರಿಗಳ ಪಟ್ಟಿ, ದೂರುಗಳ ದಾಖಲೆ. ನಕ್ಷೆ ಕಾಗದದ್ದಾದರೂ ನಡೆಯುತ್ತದೆ, ಬಣ್ಣದ ಪೆನ್ನು ಇದ್ದರೆ ಆಯಿತು. ಇವುಗಳ ಜೊತೆ ಇನ್ನೊಂದು ಬೇಕು, ಅದನ್ನು ಹೆಚ್ಚಿನವರು ಮರೆಯುತ್ತಾರೆ: ನೀರು, ಒಳಚರಂಡಿ, ವಿದ್ಯುತ್, ದೂರವಾಣಿ ಕೇಬಲ್ ನೋಡಿಕೊಳ್ಳುವವರು ಮುಂದಿನ ಎರಡು ವರ್ಷದಲ್ಲಿ ಎಲ್ಲೆಲ್ಲಿ ಅಗೆಯುತ್ತಾರೆ ಅನ್ನೋ ಮಾಹಿತಿ. ಇದು ಯಾಕೆ ಬೇಕು ಅನ್ನೋದು ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ಸಮಯವೂ ಬೇಕು. ಬಜೆಟ್ ಮಂಡಿಸುವ ವಾರದಲ್ಲಿ ಕೂತು ಮಾಡುವ ಕೆಲಸ ಇದಲ್ಲ. ಮೊದಲ ಸಲ ಮಾಡುವವರು ನಾಲ್ಕೈದು ತಿಂಗಳು ಮುಂಚೆಯೇ ಶುರು ಮಾಡಿ.

## ಹಂತ 1: ನಿಜವಾಗಿ ಎಷ್ಟು ಹಣ ಇದೆ ಅಂತ ನೋಡಿ

ಬಜೆಟ್ ಪುಸ್ತಕದಲ್ಲಿ ಬರೆದ ಮೊತ್ತ ನಿಮ್ಮದಲ್ಲ. ಅದರಿಂದ ಮೊದಲು ಕಳೆಯಬೇಕಾದವು ಬೇಕಾದಷ್ಟಿವೆ. ಈಗಾಗಲೇ ನಡೆಯುತ್ತಿರುವ ಕಾಮಗಾರಿಗಳ ಬಾಕಿ ಬಿಲ್, ಸಾಲದ ಕಂತು, ಇರುವ ಆಸ್ತಿಗಳ ವಾರ್ಷಿಕ ನಿರ್ವಹಣೆ, ಇಂಥದ್ದೇ ಕೆಲಸಕ್ಕೆ ಬಳಸಬೇಕು ಅನ್ನೋ ಷರತ್ತಿನ ಜೊತೆ ಬಂದ ಅನುದಾನ. ಇವೆಲ್ಲ ಹೋದ ಮೇಲೆ ಉಳಿಯುವುದು ಮಾತ್ರ ನೀವು ಆಯ್ಕೆ ಮಾಡಬಹುದಾದ ಹಣ. ಈ ಉಳಿದ ಮೊತ್ತ ನೋಡಿ ಮೊದಲ ಸಲ ಎಲ್ಲರೂ ಬೆಚ್ಚಿಬೀಳುತ್ತಾರೆ.

ನಿರ್ವಹಣೆಯ ಹಣವನ್ನು ಹೊಸ ಕಾಮಗಾರಿಯ ಜೊತೆ ಒಂದೇ ಪಟ್ಟಿಯಲ್ಲಿ ಪೈಪೋಟಿಗೆ ಬಿಡಬೇಡಿ. ಬಿಟ್ಟರೆ ನಿರ್ವಹಣೆ ಪ್ರತಿ ಸಲ ಸೋಲುತ್ತದೆ, ಯಾಕಂದ್ರೆ ಚರಂಡಿಯ ಹೂಳು ತೆಗೆದದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 2022ರ ಜನವರಿ 28ರಂದು ಫರ್ನ್ ಹಾಲೋ ಸೇತುವೆ ಕುಸಿಯಿತು. ಅದು ನಗರಾಡಳಿತದ್ದೇ ಸೇತುವೆ. ನೀರು ಹರಿದು ಹೋಗುವ ದಾರಿ ಕಟ್ಟಿಕೊಂಡು, ಕಸ ಮತ್ತು ನೀರು ನಿಂತು ಉಕ್ಕಿನ ಕಾಲುಗಳು ತುಕ್ಕು ಹಿಡಿದಿದ್ದವು. ತಪಾಸಣೆ ಮಾಡಿದವರು ಇದನ್ನು ಸರಿಪಡಿಸಿ ಅಂತ ವರ್ಷಗಟ್ಟಲೆ ಬರೆಯುತ್ತಲೇ ಬಂದಿದ್ದರು. ಶಿಫಾರಸುಗಳ ಮೇಲೆ ನಗರಾಡಳಿತ ಕ್ರಮ ತೆಗೆದುಕೊಳ್ಳದೆ ಹೋದದ್ದೇ ಕಾರಣ ಅಂತ ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಕಸ ತೆಗೆದು ನೀರಿಗೆ ದಾರಿ ಮಾಡುವುದು ಅಂಥ ದೊಡ್ಡ ಖರ್ಚಿನ ಕೆಲಸ ಅಲ್ಲ, ಅಲ್ವಾ?

ಎಚ್ಚರಿಕೆಯ ಸೂಚನೆ: ಅರ್ಧಕ್ಕೆ ನಿಂತ ಕಾಮಗಾರಿಗಳಿಗೆ ಬೇಕಾದ ಹಣ ನಿಮ್ಮ ಕೈಲಿರುವ ಹಣಕ್ಕಿಂತ ಜಾಸ್ತಿ ಇದ್ದರೆ, ಈ ವರ್ಷ ಹೊಸ ಪಟ್ಟಿಯೇ ಬೇಡ. ಹಳೆಯದನ್ನು ಮುಗಿಸಿ. ಕಹಿ ಅನ್ನಿಸಿದರೂ ಸಭೆಯಲ್ಲಿ ಅದನ್ನೇ ಹೇಳಿ.

## ಹಂತ 2: ಇರುವ ಆಸ್ತಿ ಎಂಥ ಸ್ಥಿತಿಯಲ್ಲಿದೆ ಅಂತ ಬರೆಯಿರಿ

ಯಾವ ರಸ್ತೆ, ಯಾವ ಸೇತುವೆ, ಯಾವ ಪೈಪ್‌ಲೈನ್, ಯಾವ ಕಟ್ಟಡ. ಎಷ್ಟು ಹಳೆಯದು, ಈಗ ಹೇಗಿದೆ, ಕೆಟ್ಟರೆ ಏನಾಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದಕ್ಕೆ ಒಂದು ಸಾಲು. ಸ್ಥಿತಿಗೆ 1ರಿಂದ 5ರವರೆಗೆ ಅಂಕ ಕೊಟ್ಟರೆ ಶುರು ಮಾಡಲು ಸಾಕು. ರಸ್ತೆಗಳಿಗೆ ಇದಕ್ಕಿಂತ ಸೂಕ್ಷ್ಮವಾದ ಅಳತೆ ಬೇಕಿದ್ದರೆ 0ಯಿಂದ 100ರವರೆಗಿನ ಪೇವ್‌ಮೆಂಟ್ ಕಂಡಿಷನ್ ಇಂಡೆಕ್ಸ್ ಇದೆ. ಅಮೆರಿಕದ ಸೇನೆಯ ಇಂಜಿನಿಯರ್‌ಗಳು ರೂಪಿಸಿದ್ದು. ಬಿರುಕು, ಗುಂಡಿ, ತಗ್ಗುಗಳ ಬಗೆ, ತೀವ್ರತೆ ಮತ್ತು ವ್ಯಾಪ್ತಿ ನೋಡಿ 100ರಿಂದ ಕಳೆಯುತ್ತಾ ಬರುವ ಪದ್ಧತಿ.

ಇಲ್ಲಿ ಒಂದು ದೊಡ್ಡ ಬಲೆ ಇದೆ, ಸ್ವಲ್ಪ ನಿಧಾನವಾಗಿ ಓದಿ. ಸ್ಥಿತಿಯ ಪಟ್ಟಿ ಸಿಕ್ಕ ತಕ್ಷಣ ಎಲ್ಲಕ್ಕಿಂತ ಕೆಟ್ಟದ್ದರಿಂದ ಶುರು ಮಾಡೋಣ ಅನ್ನಿಸುತ್ತದೆ. ನ್ಯಾಯವಾಗಿಯೂ ಕಾಣುತ್ತದೆ. ಆದರೆ ಡಾಂಬರು ರಸ್ತೆ ಹಾಳಾಗುವುದು ಒಂದೇ ವೇಗದಲ್ಲಿ ಅಲ್ಲ. ಮೊದಲ ಕೆಲವು ವರ್ಷ ನಿಧಾನವಾಗಿ ಸವೆಯುತ್ತದೆ. ಆಮೇಲೆ ಬಿರುಕಿನಿಂದ ನೀರು ಒಳಗಿಳಿದು ಅಡಿಪಾಯ ಮೆತ್ತಗಾಗುತ್ತದೆ, ಅಲ್ಲಿಂದ ಮುಂದೆ ಸರ್ರನೆ ಹಾಳಾಗುತ್ತದೆ. ಇನ್ನೂ ಸುಮಾರಾಗಿರುವಾಗ ಬಿರುಕು ಮುಚ್ಚಿ ಮೇಲ್ಪದರ ಹಾಕಿದರೆ ಕಡಿಮೆ ಖರ್ಚು. ಪೂರ್ತಿ ಕೆಟ್ಟ ಮೇಲೆ ಅಗೆದು ಹೊಸದಾಗಿ ಮಾಡಬೇಕು, ಅದು ಹಲವು ಪಟ್ಟು ದುಬಾರಿ. ಇದ್ದ ಹಣವನ್ನೆಲ್ಲ ಕೆಟ್ಟು ಹೋದ ಒಂದು ರಸ್ತೆಗೆ ಸುರಿದರೆ, ಆ ಹೊತ್ತಿಗೆ ಸುಮಾರಾಗಿದ್ದ ನಾಲ್ಕು ರಸ್ತೆಗಳು ಕೆಟ್ಟ ಗುಂಪಿಗೆ ಜಾರಿರುತ್ತವೆ. ಮುಂದಿನ ವರ್ಷ ಮತ್ತೆ ಅದೇ ಕಥೆ. ಪೂರ್ತಿ ಹಾಳಾದ ರಸ್ತೆಗೆ ಸದ್ಯಕ್ಕೆ ಗುಂಡಿ ಮುಚ್ಚಿ ಓಡಾಡುವಂತೆ ಇಟ್ಟು, ಸುಮಾರಾಗಿರುವವನ್ನು ಮೊದಲು ಉಳಿಸಿಕೊಳ್ಳುವುದು ಎಷ್ಟೋ ಸಲ ಜಾಣತನ. ಜನರಿಗೆ ಇದನ್ನು ವಿವರಿಸುವುದು ಮಾತ್ರ ಸುಲಭ ಅಲ್ಲ. "ಚೆನ್ನಾಗಿರೋ ರಸ್ತೆಗೆ ಯಾಕೆ ಡಾಂಬರು ಹಾಕ್ತಿದ್ದೀರಿ?" ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ರೆಡಿ ಇಟ್ಟುಕೊಳ್ಳಿ.

ಸ್ಥಿತಿಯಷ್ಟೇ ಮುಖ್ಯವಾದದ್ದು ಕೆಟ್ಟರೆ ಆಗುವ ಪರಿಣಾಮ. ಬದಲಿ ದಾರಿ ಇರುವ ಬೀದಿಯೊಂದು ಕೆಟ್ಟರೆ ಸುತ್ತಿ ಬಳಸಿ ಹೋಗಬಹುದು. ಆಸ್ಪತ್ರೆಗೆ ಇರುವ ಒಂದೇ ಸೇತುವೆ ಕೆಟ್ಟರೆ? ಎರಡಕ್ಕೂ ಸ್ಥಿತಿಯ ಅಂಕ 2 ಇದ್ದರೂ ಅವು ಒಂದೇ ಅಲ್ಲ. ಕೆಡುವ ಸಾಧ್ಯತೆ ಒಂದು ಕಾಲಂ, ಕೆಟ್ಟರೆ ಆಗುವ ನಷ್ಟ ಇನ್ನೊಂದು ಕಾಲಂ. ಎರಡನ್ನೂ ಗುಣಿಸಿ.

ನೆಲದಡಿಯ ಪೈಪ್ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಒಡೆದ ದಾಖಲೆ ನೋಡಿ. ಕಿಲೋಮೀಟರಿಗೆ ವರ್ಷಕ್ಕೆ ಎಷ್ಟು ಸಲ ಒಡೆಯಿತು ಅನ್ನೋದು ಸಾಕಷ್ಟು ಹೇಳುತ್ತದೆ.

## ಹಂತ 3: ಕೆಲಸಗಳ ಪಟ್ಟಿ ತೆರೆಯುವ ಮೊದಲೇ ಮಾನದಂಡ ಗಟ್ಟಿ ಮಾಡಿ

ಇಡೀ ಪ್ರಕ್ರಿಯೆಯ ಪ್ರಾಣ ಇರುವುದು ಇಲ್ಲಿ. ಯಾವ ಕಾಮಗಾರಿಯ ಹೆಸರೂ ಮೇಜಿನ ಮೇಲೆ ಇಲ್ಲದಿರುವಾಗ, ಆಯ್ಕೆ ಯಾವ ಆಧಾರದ ಮೇಲೆ, ಯಾವುದಕ್ಕೆ ಎಷ್ಟು ತೂಕ ಅಂತ ತೀರ್ಮಾನಿಸಿ ಠರಾವು ಮಾಡಿ, ನಡಾವಳಿಯಲ್ಲಿ ಬರೆಸಿ. ಬರೆಸದಿದ್ದರೆ ಎರಡು ತಿಂಗಳ ನಂತರ ಯಾರಿಗೂ ಅದು ನೆನಪಿರುವುದಿಲ್ಲ, ಅಥವಾ ನೆನಪಿದ್ದರೂ ಇಲ್ಲ ಅನ್ನುತ್ತಾರೆ.

ಐದರಿಂದ ಏಳು ಮಾನದಂಡ ಸಾಕು. ಹದಿನೈದು ಇಟ್ಟರೆ ಎಲ್ಲ ಕೆಲಸಕ್ಕೂ ಹತ್ತಿರ ಹತ್ತಿರ ಒಂದೇ ಅಂಕ ಬಂದು ಕೂರುತ್ತದೆ. ಉದಾಹರಣೆಗೆ ಒಂದು ಗುಂಪು ಹೀಗಿರಬಹುದು: ಸುರಕ್ಷತೆ ಮತ್ತು ಆರೋಗ್ಯಕ್ಕೆ 30, ಉಪಯೋಗ ಪಡೆಯುವ ಜನರಿಗೆ 25, ತಡ ಮಾಡಿದರೆ ಆಗುವ ನಷ್ಟಕ್ಕೆ 20, ಇದುವರೆಗೆ ಸೌಲಭ್ಯ ಸಿಗದ ಜಾಗಕ್ಕೆ 15, ಕೆಲಸ ಶುರು ಮಾಡಲು ಎಷ್ಟು ಸಿದ್ಧವಾಗಿದೆ ಅನ್ನೋದಕ್ಕೆ 10. ಒಟ್ಟು 100. ಈ ಸಂಖ್ಯೆಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಪ್ರವಾಹದ ಭಯ ಇರುವ ಊರಿಗೂ ಕುಡಿಯುವ ನೀರೇ ಇಲ್ಲದ ಊರಿಗೂ ತೂಕ ಬೇರೆ ಬೇರೆ ಇರಬೇಕು.

ತೂಕದ ಬಗ್ಗೆ ಜಗಳ ಬಿದ್ದರೆ ಎರಡೆರಡನ್ನೇ ಎದುರು ಬದುರು ಇಟ್ಟು ಕೇಳಿ: ಸುರಕ್ಷತೆ ಮುಖ್ಯವೋ, ಬಳಸುವವರ ಸಂಖ್ಯೆ ಮುಖ್ಯವೋ? ಐದು ಮಾನದಂಡಕ್ಕೆ ಇಂಥ 10 ಜೋಡಿ ಆಗುತ್ತವೆ. ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಕೊಡಲಿ, ಯಾವುದು ಎಷ್ಟು ಸಲ ಗೆದ್ದಿತು ಅಂತ ಎಣಿಸಿದರೆ ತೂಕ ತಾನಾಗಿ ಒಂದು ಆಕಾರಕ್ಕೆ ಬರುತ್ತದೆ. ಬಾಯಲ್ಲಿ ಹೇಳಿಸಿದರೆ ಮೊದಲು ಮಾತಾಡಿದವರ ಮಾತೇ ಗೆಲ್ಲುತ್ತದೆ.

ಪ್ರತಿ ಮಾನದಂಡದಲ್ಲೂ ಕೆಲಸಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತೀರಿ, ಆ ಅಂಕಗಳ ಅರ್ಥವನ್ನೂ ಬರೆಯಿರಿ. ಸುರಕ್ಷತೆಯಲ್ಲಿ 5 ಅಂದರೆ ಏನು? "ಕಳೆದ ಮೂರು ವರ್ಷದಲ್ಲಿ ಅಲ್ಲಿ ಸಾವು ಅಥವಾ ಗಂಭೀರ ಗಾಯ ಆಗಿದೆ" ಅಂತ ಬರೆದಿದ್ದರೆ ಎಲ್ಲರೂ ಒಂದೇ ರೀತಿ ಅಂಕ ಕೊಡುತ್ತಾರೆ. "ತುಂಬಾ ಮುಖ್ಯ" ಅಂತ ಬರೆದಿದ್ದರೆ ಸುಮ್ನೆ ಕೂತು ವಾದ ಮಾಡಬೇಕಾಗುತ್ತದೆ.

ಒಂದೇ ವಿಷಯವನ್ನು ಎರಡು ಹೆಸರಲ್ಲಿ ಎಣಿಸಬೇಡಿ. "ವಾಹನಗಳ ಸಂಖ್ಯೆ" ಒಂದು, "ಫಲಾನುಭವಿಗಳ ಸಂಖ್ಯೆ" ಇನ್ನೊಂದು ಅಂತ ಇಟ್ಟರೆ ದೊಡ್ಡ ರಸ್ತೆಗೆ ಎರಡು ಸಲ ಅಂಕ ಬೀಳುತ್ತದೆ, ನಡೆದು ಹೋಗುವವರ ದಾರಿ ಎರಡು ಸಲ ಸೋಲುತ್ತದೆ. ಈ ತಪ್ಪು ಎಷ್ಟು ಸಾಮಾನ್ಯ ಅಂದರೆ ನಾನು ನೋಡಿದ ಅಂಕಪಟ್ಟಿಗಳಲ್ಲಿ ಇದು ಇಲ್ಲದ್ದೇ ಕಡಿಮೆ.

ಎಚ್ಚರಿಕೆಯ ಸೂಚನೆ: "ಮೊದಲು ಪಟ್ಟಿ ನೋಡೋಣ, ಆಮೇಲೆ ತೂಕ ನೋಡಿದರಾಯಿತು" ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ.

## ಹಂತ 4: ಪ್ರಸ್ತಾವನೆಗಳನ್ನು ಒಂದೇ ನಮೂನೆಯಲ್ಲಿ ತರಿಸಿ

ಒಂದು ಪುಟ ಸಾಕು. ಸಮಸ್ಯೆ ಏನು, ಎಲ್ಲಿ, ಎಷ್ಟು ಜನರಿಗೆ, ಈಗ ಅವರು ಏನು ಮಾಡುತ್ತಿದ್ದಾರೆ, ಜಾಗ ಯಾರದು, ಅಂದಾಜು ಖರ್ಚು. ಸಮಸ್ಯೆಯನ್ನು ಬರೆಸಿ, ಪರಿಹಾರವನ್ನಲ್ಲ. "ಇಲ್ಲಿ ಕಾಂಕ್ರೀಟ್ ಚರಂಡಿ ಬೇಕು" ಅಂತ ಬಂದರೆ ವಾಪಸ್ ಕಳಿಸಿ, "ಮಳೆ ಬಂದರೆ ಈ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ" ಅಂತ ಬರೆಸಿ. ಆಗ ಕೆಳಗಿನ ಮೋರಿ ಕಟ್ಟಿಕೊಂಡಿರುವುದೇ ಕಾರಣ, ಹೂಳು ತೆಗೆದರೆ ಸಾಕು ಅಂತ ಇಂಜಿನಿಯರ್ ಹೇಳುವ ಅವಕಾಶವಾದರೂ ಇರುತ್ತದೆ.

ದೂರುಗಳ ಸಂಖ್ಯೆಯನ್ನು ಅಗತ್ಯದ ಅಳತೆ ಅಂದುಕೊಳ್ಳಬೇಡಿ. ದೂರು ಕೊಡಲು ಸಮಯ ಬೇಕು, ಓದು ಬರಹ ಬೇಕು, ಕೊಟ್ಟರೆ ಏನಾದರೂ ಆಗುತ್ತದೆ ಅನ್ನೋ ನಂಬಿಕೆ ಬೇಕು. ಇವು ಮೂರೂ ಇರುವ ಬಡಾವಣೆಯಿಂದ ನೂರು ದೂರು ಬರುತ್ತವೆ. ನೀರೇ ಬಾರದ ಬೀದಿಯಿಂದ ಒಂದೂ ಬರದೇ ಇರಬಹುದು. ನಕ್ಷೆಯಲ್ಲಿ ದೂರು ಬಂದ ಜಾಗಗಳಿಗೆ ಚುಕ್ಕಿ ಇಡಿ, ಆಮೇಲೆ ಚುಕ್ಕಿ ಇಲ್ಲದ ಜಾಗಗಳಿಗೆ ನಡೆದು ಹೋಗಿ ನೋಡಿ. ಇದಕ್ಕೆ ಬದಲಿ ಉಪಾಯ ಇಲ್ಲ.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಜನರನ್ನೇ ಬಜೆಟ್ ಚರ್ಚೆಗೆ ಕೂರಿಸುವ ಪದ್ಧತಿ ಶುರು ಮಾಡಿತು. ಆ ಪದ್ಧತಿಯಲ್ಲಿ ಹಣ ಹಂಚುವಾಗ ಜನರು ಆರಿಸಿದ ಆದ್ಯತೆಯ ಜೊತೆಗೆ ಆ ಪ್ರದೇಶದ ಜನಸಂಖ್ಯೆ ಎಷ್ಟು, ಅಲ್ಲಿ ಸೌಲಭ್ಯದ ಕೊರತೆ ಎಷ್ಟು ಅನ್ನೋದನ್ನೂ ಲೆಕ್ಕಕ್ಕೆ ಹಿಡಿದರು. ಬರೀ ಕೈ ಎತ್ತಿಸಿ ಎಣಿಸಿದ್ದರೆ ಸಭೆಗೆ ಜಾಸ್ತಿ ಜನ ಕರೆತಂದವರೇ ಗೆಲ್ಲುತ್ತಿದ್ದರು. ಜನರ ಸಭೆ ಮಾಡುವವರು ಈ ಭಾಗವನ್ನು ಬಿಟ್ಟು ಉಳಿದದ್ದನ್ನು ಮಾತ್ರ ನಕಲು ಮಾಡುತ್ತಾರೆ, ಆಮೇಲೆ ಯಾಕೆ ಕೆಲಸ ಮಾಡಲಿಲ್ಲ ಅಂತ ಕೇಳುತ್ತಾರೆ.

## ಹಂತ 5: ಅಂಕ ಕೊಡುವ ಮೊದಲು ಜರಡಿ ಹಿಡಿಯಿರಿ

ಬಂದ ಪ್ರಸ್ತಾವನೆಗಳಿಗೆಲ್ಲ ಅಂಕ ಹಾಕುತ್ತಾ ಕೂರಬೇಡಿ. ಮೊದಲು ಮೂರು ಗುಂಪು ಮಾಡಿ.

ಮೊದಲ ಗುಂಪು, ಮಾಡಲೇಬೇಕಾದವು. ಕಾನೂನು ಅಥವಾ ನ್ಯಾಯಾಲಯ ಹೇಳಿದ್ದು, ಇವತ್ತೋ ನಾಳೆಯೋ ಜೀವಕ್ಕೆ ಅಪಾಯ ಇರುವುದು. ಇವಕ್ಕೆ ಅಂಕ ಬೇಡ, ಹಣ ಬೇಕು. ಎರಡನೆಯದು, ಇನ್ನೂ ಸಿದ್ಧವಾಗದವು: ಜಾಗದ ತಕರಾರು ಇದೆ, ಅನುಮತಿ ಬಂದಿಲ್ಲ, ಅಥವಾ ಆ ಕೆಲಸ ಬೇರೆ ಇಲಾಖೆಯದ್ದು. ಇವನ್ನು ಬಿಸಾಡಬೇಡಿ, ಏನು ಸರಿಯಾದರೆ ಮತ್ತೆ ತರಬಹುದು ಅಂತ ಬರೆದು ಪಕ್ಕಕ್ಕಿಡಿ. ಉಳಿದದ್ದು ಮೂರನೇ ಗುಂಪು, ಅಂಕ ಹಾಕಬೇಕಾದದ್ದು ಅದಕ್ಕೆ ಮಾತ್ರ.

ಈಗ ಎಲ್ಲರೂ ತಮ್ಮ ಕೆಲಸವನ್ನು ಮೊದಲ ಗುಂಪಿಗೆ ನೂಕಲು ನೋಡುತ್ತಾರೆ. "ಇದೂ ಜೀವಕ್ಕೆ ಅಪಾಯವೇ" ಅನ್ನುತ್ತಾರೆ. ಒಂದು ಪ್ರಶ್ನೆ ಕೇಳಿ: ಹಾಗಿದ್ದರೆ ಇವತ್ತೇ ಆ ಜಾಗಕ್ಕೆ ಬೇಲಿ ಹಾಕಿ ಮುಚ್ಚೋಣವೇ? "ಅಯ್ಯೋ, ಅಷ್ಟೇನಿಲ್ಲ" ಅಂದರೆ ಅದು ಮೂರನೇ ಗುಂಪಿಗೆ ಸೇರಿದ್ದು. ಮೊದಲ ಗುಂಪೇ ನಿಮ್ಮ ಅರ್ಧಕ್ಕಿಂತ ಜಾಸ್ತಿ ಹಣ ನುಂಗುತ್ತಿದ್ದರೆ ಜರಡಿಯ ತೂತು ದೊಡ್ಡದಾಗಿದೆ ಅಂತ ಅರ್ಥ, ಇಲ್ಲವೇ ವರ್ಷಗಳಿಂದ ನಿರ್ವಹಣೆ ಮಾಡಿಲ್ಲ ಅಂತ ಅರ್ಥ.

## ಹಂತ 6: ಕಟ್ಟುವ ಖರ್ಚಲ್ಲ, ಪೂರ್ತಿ ಆಯಸ್ಸಿನ ಖರ್ಚು ಬರೆಯಿರಿ

ಸಮುದಾಯ ಭವನ ಕಟ್ಟಿದ ಮೇಲೆ ಅದಕ್ಕೆ ಕರೆಂಟ್ ಬೇಕು, ಕಾವಲುಗಾರ ಬೇಕು, ಬಣ್ಣ ಬೇಕು, ನೀರು ಬೇಕು. ಈಜುಕೊಳ ಕಟ್ಟುವುದಕ್ಕಿಂತ ನಡೆಸುವುದು ದೊಡ್ಡ ತಲೆನೋವು. ಅನುದಾನ ಬಂದಿದೆ, ಕಟ್ಟೋದು ಬಿಟ್ಟಿ ಅಂತ ಒಪ್ಪಿಕೊಂಡ ಕಟ್ಟಡಗಳು ಬೀಗ ಹಾಕಿ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಪ್ರತಿ ಕೆಲಸದ ಮುಂದೆ ಎರಡು ಅಂಕಿ ಬರೆಯಿರಿ: ಕಟ್ಟಲು ಎಷ್ಟು, ವರ್ಷ ವರ್ಷ ನಡೆಸಲು ಎಷ್ಟು. ಎರಡನೆಯದನ್ನು ಬಜೆಟ್‌ನ ಯಾವ ಲೆಕ್ಕದಿಂದ ಕೊಡುತ್ತೀರಿ ಅಂತ ಗೊತ್ತಿಲ್ಲದಿದ್ದರೆ ಆ ಕೆಲಸ ಇನ್ನೂ ಸಿದ್ಧವಾಗಿಲ್ಲ, ಜರಡಿಗೆ ವಾಪಸ್.

ಅಂದಾಜನ್ನು ಹಾಗೇ ನಂಬಬೇಡಿ. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂಬ್ಯಾರ್ಗ್ ಮತ್ತು ಸಂಗಡಿಗರು 20 ದೇಶಗಳ 258 ಸಾರಿಗೆ ಯೋಜನೆಗಳನ್ನು ನೋಡಿ 2002ರಲ್ಲಿ ಲೆಕ್ಕ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತರ ಖರ್ಚನ್ನು ಮೊದಲೇ ಕಡಿಮೆ ಅಂದಾಜು ಮಾಡಲಾಗಿತ್ತು. ರಸ್ತೆಗಳ ಖರ್ಚು ಸರಾಸರಿ ಶೇ 20ರಷ್ಟು, ಸೇತುವೆ ಮತ್ತು ಸುರಂಗಗಳದ್ದು ಶೇ 34ರಷ್ಟು, ರೈಲು ಯೋಜನೆಗಳದ್ದು ಶೇ 45ರಷ್ಟು ಏರಿತ್ತು. ಅವು ದೊಡ್ಡ ಯೋಜನೆಗಳು, ನಿಮ್ಮ ಚರಂಡಿಗೆ ಅದೇ ಶೇಕಡಾ ಅನ್ವಯಿಸಬೇಕಿಲ್ಲ. ನಿಮ್ಮದೇ ಹಳೆಯ ಹತ್ತು ಕಾಮಗಾರಿಗಳ ಅಂದಾಜು ಪಟ್ಟಿ ಮತ್ತು ಕೊನೆಯ ಬಿಲ್ ತೆಗೆದು ಪಕ್ಕಪಕ್ಕ ಇಡಿ. ಸರಾಸರಿ ಎಷ್ಟು ಏರಿದೆಯೋ ಅಷ್ಟನ್ನು ಹೊಸ ಅಂದಾಜಿಗೆ ಸೇರಿಸಿ. ಇಂಜಿನಿಯರ್‌ಗೆ ಬೇಜಾರಾಗಬಹುದು. ಹೀಗೆ ಸೇರಿಸಿಯೇ ಲೆಕ್ಕ ಹಾಕಿ ಅಂತ ಬ್ರಿಟನ್ನಿನ ಖಜಾನೆ ಇಲಾಖೆಯ ಮಾರ್ಗಸೂಚಿಯೇ ಹೇಳುತ್ತದೆ ಅಂತ ಸಮಾಧಾನ ಮಾಡಿ.

## ಹಂತ 7: ಅಂಕ ಹಾಕಿ, ಆಮೇಲೆ ಅದನ್ನು ಅಲ್ಲಾಡಿಸಿ ನೋಡಿ

ಪ್ರತಿ ಕೆಲಸಕ್ಕೂ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಲಿ, ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡದೆ. ಎರಡಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ ಕಡೆ ಮಾತ್ರ ಕೂತು ಮಾತಾಡಿ. ಪ್ರತಿ ಅಂಕದ ಪಕ್ಕದಲ್ಲಿ ಆಧಾರ ಒಂದು ಸಾಲು ಇರಲಿ.

ಒಂದು ಉದಾಹರಣೆ ಮಾಡೋಣ. ಮೇಲಿನ ತೂಕವನ್ನೇ ಇಟ್ಟುಕೊಳ್ಳೋಣ: 30, 25, 20, 15, 10. ಅಂಕ 0ಯಿಂದ 5. ತೂಕವನ್ನು ಅಂಕದಿಂದ ಗುಣಿಸಿ 5ರಿಂದ ಭಾಗಿಸಬೇಕು. ಕೈಯಲ್ಲಿರುವ ಹಣ 100 ಭಾಗ ಅಂದುಕೊಳ್ಳಿ.

ಹಳೆಯ ಸೇತುವೆ ದುರಸ್ತಿ, ಖರ್ಚು 60. ಅಂಕ 4, 3, 5, 2, 4. ಲೆಕ್ಕ 24+15+20+6+8, ಒಟ್ಟು 73.

ಸೌಲಭ್ಯ ಇಲ್ಲದ ಬಡಾವಣೆಗೆ ಚರಂಡಿ, ಖರ್ಚು 25. ಅಂಕ 3, 3, 3, 5, 5. ಲೆಕ್ಕ 18+15+12+15+10, ಒಟ್ಟು 70.

ಶಾಲೆ ಪಕ್ಕದ ಪಾದಚಾರಿ ದಾರಿ, ಖರ್ಚು 10. ಅಂಕ 4, 2, 2, 3, 5. ಲೆಕ್ಕ 24+10+8+9+10, ಒಟ್ಟು 61.

ಮುಖ್ಯ ರಸ್ತೆ ಅಗಲೀಕರಣ, ಖರ್ಚು 70. ಅಂಕ 2, 5, 1, 1, 2. ಲೆಕ್ಕ 12+25+4+3+4, ಒಟ್ಟು 48.

ಮೊದಲ ಮೂರು ಸೇರಿ 95 ಆಯಿತು, 5 ಭಾಗ ಉಳಿಯಿತು. ಆ ಐದನ್ನೂ ಎಲ್ಲೋ ಸೇರಿಸಿಬಿಡೋಣ ಅನ್ನಬೇಡಿ. ಅನಿರೀಕ್ಷಿತ ಖರ್ಚಿಗೆ ಅದು ಬೇಕೇ ಬೇಕು, ನಿಜ ಹೇಳಬೇಕೆಂದರೆ ಅದೂ ಕಡಿಮೆಯೇ.

ಈಗ ತೂಕವನ್ನು ಸ್ವಲ್ಪ ಬದಲಿಸಿ. ಸುರಕ್ಷತೆ 20, ಜನರ ಸಂಖ್ಯೆ 35 ಮಾಡಿ. ಸೇತುವೆ 71, ಚರಂಡಿ 70, ಪಾದಚಾರಿ ದಾರಿ 57, ಅಗಲೀಕರಣ 54 ಆಗುತ್ತದೆ. ಕ್ರಮ ಬದಲಾಗಲಿಲ್ಲ, ಆದರೆ ಕೊನೆಯ ಎರಡರ ನಡುವೆ ಇದ್ದ 13 ಅಂಕದ ಅಂತರ 3ಕ್ಕೆ ಇಳಿಯಿತು. ಮೊದಲ ಎರಡು ಕೆಲಸಗಳು ಎರಡೂ ಸಲ ಗಟ್ಟಿಯಾಗಿ ನಿಂತವು, ಅವುಗಳ ಬಗ್ಗೆ ಧೈರ್ಯವಾಗಿರಬಹುದು. ಮೂರನೆಯದನ್ನು ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸಬೇಕು. ಹೀಗೆ ಎರಡು ಮೂರು ಸಲ ಅಲ್ಲಾಡಿಸಿ ನೋಡದೆ ಪಟ್ಟಿ ಹೊರಗೆ ಬಿಡಬೇಡಿ. ಇನ್ನೊಂದು ಮಾತು, 73ಕ್ಕೂ 70ಕ್ಕೂ ನಿಜವಾದ ವ್ಯತ್ಯಾಸ ಏನೂ ಇಲ್ಲ. ಅಂದಾಜಿನ ಮೇಲೆ ಕೊಟ್ಟ ಅಂಕಗಳಿವು, ಮೂರು ಅಂಕದ ಅಂತರವನ್ನು ಸಮ ಅಂತಲೇ ನೋಡಿ.

ಅಂಕವನ್ನು ಖರ್ಚಿನಿಂದ ಭಾಗಿಸಿ ಕ್ರಮ ಹಾಕುವವರೂ ಇದ್ದಾರೆ. ಹಾಗೆ ಮಾಡಿದರೆ ಪಾದಚಾರಿ ದಾರಿ 6.1, ಚರಂಡಿ 2.8, ಸೇತುವೆ 1.2, ಅಗಲೀಕರಣ 0.7. ಸೇತುವೆ ಮೂರನೇ ಸ್ಥಾನಕ್ಕೆ ಹೋಯಿತು ನೋಡಿ. ಈ ಲೆಕ್ಕದಲ್ಲಿ ಹೆಚ್ಚಾಗಿ ಸಣ್ಣ ಕೆಲಸಗಳೇ ಗೆಲ್ಲುತ್ತವೆ, ದೊಡ್ಡ ಅಗತ್ಯ ಹಿಂದೆ ಬೀಳುತ್ತದೆ. ಪಕ್ಕದಲ್ಲಿ ಇಟ್ಟುಕೊಳ್ಳಿ, ಅದರಿಂದಲೇ ತೀರ್ಮಾನ ಮಾಡಬೇಡಿ.

### ಒಂದರ ಮೇಲೊಂದು ನಿಂತ ಕೆಲಸಗಳು

ಅಂಕದ ಕ್ರಮವೇ ಕೆಲಸದ ಕ್ರಮ ಅಲ್ಲ. ನೆಲದಡಿಯದ್ದು ಮೊದಲು, ಮೇಲಿನದ್ದು ಆಮೇಲೆ. ಒಳಚರಂಡಿ, ನೀರಿನ ಪೈಪ್, ಕೇಬಲ್, ಮಳೆನೀರಿನ ಚರಂಡಿ, ಕೊನೆಗೆ ರಸ್ತೆ. ನಮ್ಮ ಮನೆ ಮುಂದೆ ರಸ್ತೆ ಹೊಸದಾಗಿ ಆಗಿ ಆರು ವಾರವೂ ಆಗಿರಲಿಲ್ಲ, ಪೈಪ್ ಹಾಕಲು ಅಗೆದರು. ರಸ್ತೆಯವರು, ಪೈಪಿನವರು ಇಬ್ಬರ ಪಟ್ಟಿಯಲ್ಲೂ ಆ ಬೀದಿ ಮೊದಲ ಸ್ಥಾನದಲ್ಲೇ ಇತ್ತಂತೆ! ಇಬ್ಬರೂ ತಮ್ಮ ಪಟ್ಟಿಗೆ ಸರಿಯಾಗಿಯೇ ನಡೆದುಕೊಂಡಿದ್ದರು, ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟವರು ಮಾತ್ರ ಯಾರೂ ಇರಲಿಲ್ಲ. ಅಗೆಯುವವರ ಮಾಹಿತಿ ಮೊದಲೇ ತರಿಸಿ ಅಂದದ್ದು ಇದಕ್ಕೇ. ನಕ್ಷೆಯ ಮೇಲೆ ಇಬ್ಬರ ಕೆಲಸವನ್ನೂ ಎರಡು ಬಣ್ಣದಲ್ಲಿ ಗುರುತು ಮಾಡಿ, ಬಣ್ಣ ಕೂಡುವ ಕಡೆ ರಸ್ತೆಯನ್ನು ಮುಂದಕ್ಕೆ ಹಾಕಿ ಅಥವಾ ಪೈಪಿನ ಕೆಲಸವನ್ನು ಮೊದಲೇ ಮಾಡಿಸಿ.

## ಹಂತ 8: ಸದಸ್ಯರ ಸಭೆ

ಅಂಕಪಟ್ಟಿಯೇ ಅಂತಿಮ ಅಂತ ಹೇಳಬೇಡಿ. ಆರಿಸಿ ಬಂದವರಿಗೆ ಬದಲಿಸುವ ಹಕ್ಕಿದೆ, ಇರಲೂಬೇಕು. ಅಂಕದಲ್ಲಿ ಹಿಡಿಯಲಾಗದ ವಿಷಯಗಳು ಅವರಿಗೆ ಗೊತ್ತಿರುತ್ತವೆ. ಆದರೆ ಒಂದು ನಿಯಮ ಇಡಿ: ಯಾವ ಕೆಲಸ ಮೇಲೆ ಬರುತ್ತದೋ, ಅದರಿಂದ ಯಾವುದು ಕೆಳಗೆ ಹೋಗುತ್ತದೆ ಅಂತ ಹೇಳಲೇಬೇಕು, ಕಾರಣವನ್ನು ನಡಾವಳಿಯಲ್ಲಿ ಬರೆಯಲೇಬೇಕು. ಸುಮ್ಮನೆ ಒಂದನ್ನು ಸೇರಿಸುವುದಕ್ಕೆ ಅವಕಾಶ ಇಲ್ಲ. ಈ ಒಂದು ನಿಯಮದಿಂದ ಅರ್ಧ ಬದಲಾವಣೆಗಳು ತಾವಾಗಿಯೇ ನಿಂತುಹೋಗುತ್ತವೆ. ಕಾರಣ ಇರುವವರು ಬರೆಸುತ್ತಾರೆ, ಇಲ್ಲದವರು ಸುಮ್ಮನಾಗುತ್ತಾರೆ.

ಕೆಲಸದಿಂದ ತಮ್ಮ ಜಮೀನಿಗೋ ನೆಂಟರ ಗುತ್ತಿಗೆಗೋ ಲಾಭ ಇರುವ ಸದಸ್ಯರು ಅದನ್ನು ಮೊದಲೇ ಹೇಳಿ ಆ ಚರ್ಚೆಯಿಂದ ಎದ್ದು ಹೋಗಬೇಕು.

ಸಮ ಪಾಲಿನ ಮಾತು ಇಲ್ಲಿ ಮತ್ತೆ ಬರುತ್ತದೆ. ಪೂರ್ತಿ ಬೇಡ ಅನ್ನಲು ಆಗದಿದ್ದರೆ ಸಣ್ಣ ಮೊತ್ತವೊಂದನ್ನು ವಾರ್ಡ್‌ಗಳಿಗೆ ಸಮವಾಗಿ ಬಿಟ್ಟುಕೊಡಿ, ಬೀದಿ ದೀಪ, ಬೆಂಚು, ಸಣ್ಣ ರಿಪೇರಿ ಅದರಲ್ಲಿ ನಡೆಯಲಿ. ದೊಡ್ಡ ಹಣ ಅಂಕದ ಪಟ್ಟಿಯಲ್ಲೇ ಉಳಿಯಲಿ. ಇದು ಶುದ್ಧ ಪದ್ಧತಿ ಅಲ್ಲ, ಗೊತ್ತು. ಆದರೆ ಎಲ್ಲವನ್ನೂ ಕಳೆದುಕೊಳ್ಳುವುದಕ್ಕಿಂತ ಇದು ವಾಸಿ.

## ಹಂತ 9: ಹಲವು ವರ್ಷದ ಪಟ್ಟಿ ಮಾಡಿ ಹೊರಗೆ ಬಿಡಿ

ಒಂದೇ ವರ್ಷದ ಪಟ್ಟಿ ಮಾಡಿದರೆ, ಅದರಲ್ಲಿ ಇಲ್ಲದವರಿಗೆ ತಮ್ಮ ಕೆಲಸ ಸತ್ತೇ ಹೋಯಿತು ಅನ್ನಿಸುತ್ತದೆ, ಹಾಗಾಗಿ ಜಗಳ ಜೋರಾಗುತ್ತದೆ. ಮೂರನೇ ವರ್ಷದಲ್ಲಿ ಹೆಸರು ಕಂಡರೆ ಕಾಯುತ್ತಾರೆ. ನ್ಯೂಜಿಲೆಂಡ್‌ನಲ್ಲಿ ಸ್ಥಳೀಯ ಸಂಸ್ಥೆಗಳು ಕನಿಷ್ಠ 10 ವರ್ಷದ ಯೋಜನೆ ಮಾಡಿ ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬರೆಯಬೇಕು ಅಂತ 2002ರ ಕಾಯ್ದೆ ಹೇಳುತ್ತದೆ. ಮೂಲಸೌಕರ್ಯಕ್ಕೆ ಕನಿಷ್ಠ 30 ವರ್ಷ ಮುಂದೆ ನೋಡುವ ಯೋಜನೆಯೂ ಬೇಕು ಅಂತ ಆಮೇಲೆ ಸೇರಿಸಿದರು. ನಿಮಗೆ ಅಷ್ಟು ದೂರ ಕಾಣದಿದ್ದರೆ ಐದು ವರ್ಷ ಸಾಕು: ಮೊದಲ ವರ್ಷ ಗಟ್ಟಿ, ಎರಡು ಮೂರು ಬಹುಮಟ್ಟಿಗೆ ಖಚಿತ, ಮುಂದಿನವು ಪೆನ್ಸಿಲ್‌ನಲ್ಲಿ ಬರೆದಂತೆ.

ಕಾಯುವ ಪಟ್ಟಿಯನ್ನೂ ಸಿದ್ಧವಾಗಿಡಿ. ಟೆಂಡರ್‌ನಲ್ಲಿ ಹಣ ಉಳಿಯುತ್ತದೆ, ವರ್ಷದ ಕೊನೆಗೆ ದಿಢೀರ್ ಅನುದಾನ ಬರುತ್ತದೆ, ತಿಂಗಳೊಳಗೆ ಖರ್ಚು ಮಾಡಿ ಅನ್ನುತ್ತಾರೆ. ಆಗ ಕೈಗೆ ಸಿಕ್ಕ ಕೆಲಸ ಮಾಡುವ ಬದಲು ಕಾಯುವ ಪಟ್ಟಿಯ ಮೊದಲ ಕೆಲಸ ಎತ್ತಿಕೊಳ್ಳಬಹುದು. ಅದಕ್ಕೆ ಅಂದಾಜು ಪಟ್ಟಿ, ನಕ್ಷೆ, ಅನುಮತಿ ಮೊದಲೇ ಆಗಿರಬೇಕು ಅಷ್ಟೇ.

ಪ್ರಕಟಿಸುವಾಗ ಆಯ್ಕೆಯಾದವನ್ನು ಮಾತ್ರ ಹಾಕಬೇಡಿ. ಎಲ್ಲ ಕೆಲಸ, ಎಲ್ಲ ಅಂಕ, ಬದಲಾವಣೆಯ ಕಾರಣ, ಎಲ್ಲವೂ ಇರಲಿ. ಜನರು ತಪ್ಪು ಹುಡುಕುತ್ತಾರೆ, ಹುಡುಕಲಿ. ಆ ಬೀದಿಯಲ್ಲಿ ಎಷ್ಟು ಮನೆ ಇವೆ ಅನ್ನೋದು ನಿಮ್ಮ ಕಡತಕ್ಕಿಂತ ಅಲ್ಲಿರುವವರಿಗೇ ಚೆನ್ನಾಗಿ ಗೊತ್ತು.

## ಹಂತ 10: ಮುಗಿದ ಮೇಲೆ ಅಂಕಪಟ್ಟಿಯನ್ನು ಮತ್ತೆ ತೆಗೆಯಿರಿ

ಕೆಲಸ ಮುಗಿದು ಒಂದು ವರ್ಷದ ನಂತರ ಮೂರು ವಿಷಯ ಹೋಲಿಸಿ: ಅಂದಾಜು ಖರ್ಚು ಮತ್ತು ಆದ ಖರ್ಚು, ಹೇಳಿದ ಸಮಯ ಮತ್ತು ಹಿಡಿದ ಸಮಯ, ಹೇಳಿದ ಉಪಯೋಗ ಮತ್ತು ಆದ ಉಪಯೋಗ. ಮೊದಲ ಎರಡನ್ನು ಕೆಲವರಾದರೂ ಮಾಡುತ್ತಾರೆ. ಮೂರನೆಯದಕ್ಕೆ ಹೋಗಿ ನಿಂತು ಎಣಿಸಬೇಕು, ಅದಕ್ಕೇ ಯಾರೂ ಮಾಡುವುದಿಲ್ಲ. ಬೆಳಿಗ್ಗೆ ಎರಡು ಗಂಟೆ ಕಾಲ ಆ ಪಾದಚಾರಿ ದಾರಿಯ ಪಕ್ಕ ಒಬ್ಬರು ನಿಂತು ಎಷ್ಟು ಮಕ್ಕಳು ಅದರ ಮೇಲೆ ನಡೆದರು, ಎಷ್ಟು ಮಕ್ಕಳು ಇನ್ನೂ ರಸ್ತೆಯಲ್ಲೇ ನಡೆದರು ಅಂತ ಬರೆದುಕೊಂಡರೆ ಸಾಕು.

ಮಾನದಂಡ ಮತ್ತು ತೂಕ ಬದಲಿಸಬೇಕು ಅನ್ನಿಸಿದರೆ ಬದಲಿಸಿ, ಆದರೆ ಮುಂದಿನ ಸುತ್ತಿಗೆ. ಸುತ್ತಿನ ನಡುವೆ ಬದಲಿಸಿದರೆ ಮೂರನೇ ಹಂತದಲ್ಲಿ ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ. ಆಯ್ಕೆಯಾಗದ ಪ್ರಸ್ತಾವನೆ ಕೊಟ್ಟವರಿಗೆ ಒಂದು ಪುಟದ ಉತ್ತರ ಕಳಿಸಿ: ಎಷ್ಟು ಅಂಕ ಬಂತು, ಎಲ್ಲಿ ಕಡಿಮೆಯಾಯಿತು, ಮತ್ತೆ ಯಾವ ತಿಂಗಳು ಅರ್ಜಿ ತೆಗೆದುಕೊಳ್ಳುತ್ತೀರಿ.